ಕಾಕಾನ ಮೀಟರು, ಕಾಕುವಿನ ಗುಂಡು ಬಲ್ಬು

ನಮ್ಮ ಕಾಕಾ ಮದುವೆಯಾದಾಗಿನಿಂದ ಹೆಂಡತಿಯ ಮುಖಕ್ಕಿಂತ ಕರೆಂಟ್ ಮೀಟರಿನ ಮುಖವನ್ನೇ ಹೆಚ್ಚು ನೋಡಿದ್ದಾನೆ ಎಂದರೆ ನಿಪ್ಪಾಣಿಯಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ಸ್ವತಃ ಆ ಹೆಂಡತಿ, ಅಂದರೆ ನಮ್ಮ ಕಾಕುವೇ ಹೌದೆಂದು ತಲೆಯಾಡಿಸುತ್ತಾಳೆ!

ಮನೆಗೆ ಯಾರೇ ಬರಲಿ, ಮೊದಲು ಮೀಟರಿನ ದರ್ಶನ. ಫ್ಯಾನು, ಟಿವಿ, ಫ್ರಿಜ್ಜು ಎಲ್ಲ ಬಂದ್! ಕಾಕು ಬೀಡಿ ಕಟ್ಟುವ ಮೂಲೆಯ ಗುಂಡು ಬಲ್ಬನ್ನಷ್ಟೇ ಹಚ್ಚಿ, "ನೋಡ್ರಿ, ಮೀಟರಿನ ಕೆಂಪು ದೀಪ ಹೆಂಗ ಮಿಣಕಾಕತ್ತೈತಿ! ಅರವತ್ತು ವ್ಯಾಟ್ ತಿಂತೈತಿ, ರಾಕ್ಷಸ!" ಎನ್ನುತ್ತಾನೆ. ಆಮೇಲೆ ಎಲ್ಇಡಿ. "ಇದಕ್ಕ ಬರೇ ಒಂಬತ್ತು. ಬೆಳಕು ಮಾತ್ರ ಅದರಷ್ಟ!" ಕೆಂಪು ದೀಪ ಮತ್ತೊಮ್ಮೆ ಮಿಣುಕುವುದರೊಳಗೆ ಬಂದವರ ಚಹಾ ಆರಿಹೋಗಿರುತ್ತದೆ. ನನ್ನ ತಂಗಿಯನ್ನು ನೋಡಲು ರಾಯಬಾಗದಿಂದ ಬಂದವರನ್ನೂ ಬಿಟ್ಟನೇ? ಬೆವರು ಒರೆಸಿಕೊಳ್ಳುತ್ತ ಅವರು ಹುಡುಗಿಗಿಂತ ಮೊದಲು ಮೀಟರ್ ನೋಡಿದರು. ಪುಣ್ಯಕ್ಕೆ ಎರಡನ್ನೂ ಒಪ್ಪಿದರು!

ಸರ್ಕಾರ ಮನೆಯ ಕರೆಂಟ್ ಬಿಲ್ಲು ಮಾಫ್ ಮಾಡಿದಾಗ, "ಇನ್ನರೆ ಆರಾಮ ಕೂಡು ಕಾಕಾ" ಎಂದೆ.

"ಮಾಫ್ ಆಗಿದ್ದು ಬಿಲ್ಲು! ಬಲ್ಬು ತಿನ್ನೂದು ಬಿಟ್ಟೈತೇನಲೇ?"

ಕಾಕಾ ಚಪ್ಪಲಿ ಮೆಟ್ಟಿ ಮನೆಮನೆಗೆ ಹೊರಟೇಬಿಟ್ಟ.

"ಗುಂಡು ಬಲ್ಬ್ ಮುಟ್ರಿ, ಕೈ ಸುಡತೈತಿ. ಆ ಕಾವೆಲ್ಲಾ ಹಾಳಾದ ಕರೆಂಟು!" ಎಂದು ಊರೆಲ್ಲ ಸಾರಿ, ಕಂಡ ಕಂಡ ಮನೆಯಲ್ಲಿ ಎಲ್ಇಡಿ ಹಾಕಿಸಿದ. ಈ ಚಳಿಗಾಲದಲ್ಲಿ ಕಾಕುವಿನ ಮೂಲೆಯ ಬಲ್ಬನ್ನೂ ಬಿಚ್ಚಿ ಗುಜರಿಗೆ ಕೊಟ್ಟ.

ಮರುದಿನ ಮುಂಜಾನೆ ಕಾಕು ಬೀಡಿ ಕಟ್ಟಲು ಕುಳಿತಳು. ಚಳಿಗೆ ಸೆಟೆದ ಬೆರಳುಗಳು ಮಡಚಲೇ ಒಲ್ಲವು. ಸುತ್ತಿದ ಎಲೆಗಳೆಲ್ಲ ಹರಿದವು.

"ದಿನಾ ಆ ಬಲ್ಬಿಗೆ ಬೆರಳ ಕಾಸಿಕೊಂಡ ಕೂಡತಿದ್ನಿರಿ," ಎಂದಳು ಮೆಲ್ಲಗೆ. "ನೀವು ಹಾಳು ಅಂತೀರಲಾ, ಆ ಕಾವು ನನಗ ಬೇಕಾಗಿತ್ತು. ಹರಕ ಬೀಡಿ ಯಾರೂ ತಗೊಳ್ಳೂದಿಲ್ಲ. ಹಿಂಗಾದ್ರ ನನ್ನ ಕೆಲಸ ಹೋಗತೈತಿ."

ಕಾಕಾ ತಟ್ಟನೆ ಎದ್ದ. ನನ್ನನ್ನು ಕರೆದುಕೊಂಡು ಸೀದಾ ಪೇಟೆಗೆ ನಡೆದ. ಯಾವ ಅಂಗಡಿಗೆ ಹೋದರೂ ಒಂದೇ ಉತ್ತರ: "ಕಾಕಾ, ನಿಮ್ಮ ಮಾತ ಕೇಳೇ ಆ ಬಲ್ಬ್ ಇಡೂದು ಬಿಟ್ಟೀವ್ರಿ!" ಚಿಕ್ಕೋಡಿಯಲ್ಲೂ ಇಲ್ಲ. ಕಡೆಗೆ ಕುಡಚಿ ಸ್ಟೇಷನ್ ಹತ್ತಿರದ ಹಳೆಯ ಅಂಗಡಿಯ ಅಟ್ಟದ ಮೇಲೆ, ಧೂಳು ಹಿಡಿದ ಒಂದು ಗುಂಡು ಬಲ್ಬ್ ಸಿಕ್ಕಿತು. ಬಸ್ಸಿನ ಕುಲುಕಾಟಕ್ಕೆ ಎಲ್ಲಿ ಒಡೆದೀತೋ ಎಂದು ಅದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಂದ. ನನಗೆ ನಗು ಬರಬೇಕಿತ್ತು. ಯಾಕೋ ನಾನೂ ಒಂದು ಕೈ ಆ ಬಲ್ಬಿಗೆ ಅಡ್ಡ ಹಿಡಿದೆ.

ಮೂಲೆಯಲ್ಲಿ ಮತ್ತೆ ಹಳದಿ ಬೆಳಕು ಬಿತ್ತು. ಕಾಕು ಬೆರಳು ಚಾಚಿ, "ಭಾಳ ಕರೆಂಟ್ ತಿಂತೈತಲ್ರಿ ಇದು?" ಎಂದು ಛೇಡಿಸಿದಳು.

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮೀಟರಿನ ಮುಖಕ್ಕೆ ಹೊದಿಸಿದ.

"ತಿನ್ನಲಿ ಬಿಡ," ಎಂದು, ಅವಳ ಮುಖ ನೋಡುತ್ತ ಕುಳಿತ.