ಗಜೇಂದ್ರಗಡದ ಸೀರೆ ಅಮೆರಿಕದ್ದಂತೆ

ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸಿದಷ್ಟು ಕಾಲವೂ, ನನ್ನದಲ್ಲದ ತಪ್ಪಿಗೆ ಬೈಸಿಕೊಳ್ಳದ ವಾರ ಒಂದೂ ಇರಲಿಲ್ಲ. ಕರೆಂಟು ಹೋದರೆ ನಾನು. ಪರೀಕ್ಷೆಯ ರಿಸಲ್ಟ್ ಪುಟ ತೆರೆಯದಿದ್ದರೆ ನಾನು. ತೆರೆದು ಅದರಲ್ಲಿ ಫೇಲ್ ಅಂತ ಇದ್ದರೂ ನಾನೇ. ಇವೆಲ್ಲ ರೂಢಿಯಾಗಿದ್ದವು. ಆದರೆ ಒಂದು ಯಂತ್ರ ಭೂಮಿಯ ಯಾವ ಮೂಲೆಯಲ್ಲಿ ಕೂತಿದೆ ಎನ್ನುವುದಕ್ಕೂ ನನ್ನನ್ನೇ ಹೊಣೆ ಮಾಡಿದವರು ಗಜೇಂದ್ರಗಡದ ಒಬ್ಬ ಸೀರೆ ವ್ಯಾಪಾರಿ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೇಳಿದರೆ ಕೇಳಿದವರು ನಗುತ್ತಾರೆ, ಅದಕ್ಕೆ ಇನ್ನಷ್ಟು ಉರಿಯುತ್ತದೆ.

೧. ಚುಕ್ಕೆ ಒತ್ತಿದರೆ ಮಾಯ

ಈ ವ್ಯಾಪಾರಿಯನ್ನು ಊರವರೆಲ್ಲ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಐವತ್ತು ದಾಟಿದವರು, ಬಿಳಿ ಟೋಪಿ, ಮೆತ್ತಗಿನ ಮಾತು. ಹದಿನಾರು ಮನೆಯ ಕೈಮಗ್ಗಗಳು ಅವರನ್ನು ನಂಬಿಕೊಂಡಿದ್ದವು. ಯಂತ್ರದ ಸೀರೆಗಳು ಬಂದು ಸಂತೆಯಲ್ಲಿ ಗಿರಾಕಿ ಕಡಿಮೆಯಾದ ಮೇಲೆ ಎರಡು ಮಗ್ಗ ಆಗಲೇ ನಿಂತಿದ್ದವು. ಉಳಿದವು ನಿಲ್ಲಬಾರದು ಅಂತ ಸಾಹೇಬರು ನನ್ನ ಹತ್ತಿರ ಬಂದು ಒಂದು ವೆಬ್‌ಸೈಟ್ ಮಾಡಿಕೊಡಿ ಎಂದರು. ದೂರದ ಊರಿನವರು ಕಂಪ್ಯೂಟರಿನಲ್ಲಿ ನೋಡಿ ಸೀರೆ ತರಿಸಿಕೊಳ್ಳುತ್ತಾರೆ ಅಂತ ಯಾರೋ ಹೇಳಿದ್ದರಂತೆ.

ಮಾಡಿಕೊಟ್ಟೆ. ನಾನೇ ಹೋಗಿ ಒಂದೊಂದು ಸೀರೆಯನ್ನೂ ಹಾಸಿ ಫೋಟೋ ತೆಗೆದೆ. ಎಲ್ಲ ಮುಗಿದ ದಿನ ಸಾಹೇಬರು ಪೇಢೆಯ ಡಬ್ಬಿ ಹಿಡಿದುಕೊಂಡು ರೋಣಕ್ಕೆ ಬಂದರು. ಹುಡುಕುವ ಪುಟ ತೆರೆದು ತಮ್ಮ ಊರು, ಸೀರೆ ಎಂದು ಒಂದೊಂದೇ ಬೆರಳಿನಲ್ಲಿ ಒತ್ತಿದರು. ನಮ್ಮ ವೆಬ್‌ಸೈಟ್ ಮೊದಲ ಪುಟದಲ್ಲೇ ಬಂತು. ನನಗೆ ಒಳಗೊಳಗೇ ಹಿಗ್ಗು.

ಆಗಿನ ಕಾಲದಲ್ಲಿ ಹುಡುಕುವ ಡಬ್ಬಿಯ ಕೆಳಗೆ ಎರಡು ದುಂಡು ಚುಕ್ಕೆ ಇರುತ್ತಿದ್ದವು. ಒಂದು ಇಡೀ ಜಗತ್ತಿನ ಪುಟಗಳಿಗೆ, ಇನ್ನೊಂದು ಭಾರತದ ಪುಟಗಳಿಗೆ ಮಾತ್ರ. ಸೀರೆ ಉಡುವವರು ಇಲ್ಲಿಯವರೇ ಅಲ್ಲವೇ ಅಂತ ಸಾಹೇಬರು ಎರಡನೆಯ ಚುಕ್ಕೆ ಒತ್ತಿದರು. ನಾವು ಮಾಯ. ಮೊದಲ ಪುಟದಲ್ಲಿಲ್ಲ, ಹತ್ತನೆಯದರಲ್ಲೂ ಇಲ್ಲ. ಎಲ್ಲಕ್ಕಿಂತ ಮೇಲೆ ದಿಲ್ಲಿಯ ಯಾವುದೋ ಅಂಗಡಿ, ಯಂತ್ರದಲ್ಲಿ ಮಾಡಿದ ಸೀರೆಗೆ ಗಜೇಂದ್ರಗಡದ ಕೈಮಗ್ಗ ಅಂತ ಹೆಸರಿಟ್ಟುಕೊಂಡು ಮೆರೆಯುತ್ತಿತ್ತು.

ನಾನು ತಿಳಿಸಿ ಹೇಳಿದೆ. ವೆಬ್‌ಸೈಟಿನ ಕಡತಗಳನ್ನು ಯಾವುದಾದರೊಂದು ಯಂತ್ರದಲ್ಲಿ ಇಡಬೇಕು, ಅದಕ್ಕೆ ಸರ್ವರ್ ಅನ್ನುತ್ತಾರೆ, ನಮಗೆ ಜಾಗ ಕೊಟ್ಟ ಕಂಪನಿಯ ಸರ್ವರ್ ಅಮೆರಿಕದಲ್ಲಿದೆ, ಹುಡುಕಿ ಕೊಡುವ ಪುಟದವರು ಅದನ್ನು ನೋಡಿ ಇದು ಅಮೆರಿಕದ್ದೇ ಅಂದುಕೊಂಡಿದ್ದಾರೆ ಅಂತ. ಸಾಹೇಬರು ಪೂರ್ತಿ ಕೇಳಿ, ಸಾವಕಾಶವಾಗಿ ಅಂದರು:

"ಅಕ್ಕಾರ, ಸೀರಿ ನೇಯ್ದದ್ದು ಗಜೇಂದ್ರಗಡದಾಗ, ಮಾರಾವ ಗಜೇಂದ್ರಗಡದಾಂವ, ಫೋಟೋ ತಗದಾವ್ರು ನೀವು ರೋಣದಾವ್ರು. ಇದರಾಗ ಅಮೆರಿಕಾ ಯಾವಾಗ ಬಂತ್ರಿ?"

ಪೇಢೆ ಡಬ್ಬಿಯ ಮುಚ್ಚಳ ಹಾಕಿ ಕಂಕುಳಲ್ಲಿಟ್ಟುಕೊಂಡು ಹೊರಟೇ ಹೋದರು. ನನಗೆ ಇನ್ನೂ ಒಂದೂ ಕೊಟ್ಟಿರಲಿಲ್ಲ.

೨. ಅಮ್ಮನ ಫೋನು

ವಾರ ಬಿಟ್ಟು ಸಾಹೇಬರೇ ಉಪಾಯ ತಂದರು. ಯಂತ್ರ ಎಲ್ಲಿದೆಯೋ ಅಲ್ಲಿಯದು ಅಂತಾದರೆ, ಆ ಯಂತ್ರವನ್ನು ನಮ್ಮ ಅಂಗಡಿಯಲ್ಲೇ ಇಟ್ಟುಬಿಡೋಣ. ಅದಕ್ಕೆಂದು ಕಂಪ್ಯೂಟರನ್ನೂ ಕೊಂಡು ತಂದಿದ್ದರು, ಅದರ ಮೇಲೆ ಕಸೂತಿ ಬಟ್ಟೆಯನ್ನೂ ಹೊದಿಸಿದ್ದರು. ಇದು ಆಗುವ ಕೆಲಸವಲ್ಲ, ಕರೆಂಟಿನ ಭರವಸೆಯಿಲ್ಲ, ಫೋನಿನ ತಂತಿಯ ಇಂಟರ್ನೆಟ್ ಸಾಲುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ಕೆಲಸ ಬರುವುದಿಲ್ಲ, ಅದಕ್ಕೇ ಹೀಗೆ ಅನ್ನುತ್ತೇನೆ ಎಂಬ ಗುಮಾನಿ ಅವರ ಮುಖದಲ್ಲಿ ಕಾಣುತ್ತಿತ್ತು. ಅದು ನನಗೆ ನಾಟಿತು. ಒಂದು ದಿನ ನಡೆಸಿಯೇ ತೋರಿಸುತ್ತೇನೆ ಅಂತ ಗಜೇಂದ್ರಗಡಕ್ಕೆ ಹೋದೆ.

ಬೆಳಿಗ್ಗೆ ಹತ್ತಕ್ಕೆ ಜೋಡಿಸಿದೆ. ರೋಣದಲ್ಲಿ ನನ್ನ ಗೆಳತಿ ತೆರೆದು ನೋಡಿದಳು, ಸೀರೆಗಳು ನಿಧಾನವಾಗಿಯಾದರೂ ಕಂಡವು. ಸಾಹೇಬರು ನನ್ನ ಕಡೆ ಗೆದ್ದವರ ಹಾಗೆ ನೋಡಿದರು. ಐದು ನಿಮಿಷಕ್ಕೆ ಎಲ್ಲ ಬಂದ್. ಮತ್ತೆ ಜೋಡಿಸಿದೆ, ಮತ್ತೆ ಬಂದ್. ಅಂಗಡಿಯ ಹಿಂದೆಯೇ ಅವರ ಮನೆ. ಒಳಗೆ ಹೋಗಿ ನೋಡಿದರೆ ಸಾಹೇಬರ ತಾಯಿ ಅದೇ ತಂತಿಯ ಇನ್ನೊಂದು ಫೋನು ಹಿಡಿದುಕೊಂಡು, ನರಗುಂದಕ್ಕೆ ಕೊಟ್ಟ ಮಗಳ ಜೊತೆ ಮಾತಿಗೆ ಕೂತಿದ್ದರು. ಎರಡು ಸಲ ಎತ್ತಿದಾಗ ಒಳಗಿಂದ ಬೆಕ್ಕು ಚೀರಿದ ಹಾಗೆ ಸದ್ದು ಬಂತಂತೆ. ಮೂರನೆಯ ಸಲ ಲೈನು ಸಿಕ್ಕಿತ್ತು.

ನೀನು ಫೋನು ಎತ್ತಿದರೆ ಜಗತ್ತಿಗೆಲ್ಲ ನಮ್ಮ ಅಂಗಡಿ ಮುಚ್ಚುತ್ತದೆ ಅಂತ ಸಾಹೇಬರು ತಾಯಿಗೆ ಬಿಡಿಸಿ ಹೇಳಿದರು. ತಾಯಿ ಉರ್ದುವಿನಲ್ಲಿ ಒಂದು ಉದ್ದ ಮಾತು ಹೇಳಿ ಮತ್ತೆ ಫೋನಿಗೆ ಕಿವಿ ಕೊಟ್ಟರು. ಏನಂದರು ಅಂತ ಕೇಳಿದೆ. ಸಾಹೇಬರು ನೆಲ ನೋಡುತ್ತ ಕನ್ನಡ ಮಾಡಿದರು.

"ನಿಮ್ಮಪ್ಪ ಇದ್ದಾಗ ನಾ ಇಡೀ ದಿನ ಮಾತಾಡಿದ್ರೂ ಅಂಗಡಿ ಮುಚ್ಚಿದ್ದಿಲ್ಲ. ನೀ ಅದನ್ನ ಹ್ಯಾಂಗ ನಡಸಾಕತ್ತಿ ಅಂತ ಕೇಳಾಕತ್ತಾಳ್ರಿ."

೩. ಜರ್ಮನಿಯ ಕಿಟಕಿ

ಆಮೇಲೆ ನಾನು ಕಂಪನಿಗೆ ಬರೆದೆ. ನಮ್ಮ ವೆಬ್‌ಸೈಟನ್ನು ಭಾರತದ ಯಂತ್ರಕ್ಕೆ ಸಾಗಿಸಿ, ಇಲ್ಲದಿದ್ದರೆ ಬಿಡುತ್ತೇವೆ ಅಂತ, ನನಗೆ ಬರುವ ಖಾರದ ಇಂಗ್ಲಿಷಿನಲ್ಲೇ ಬರೆದೆ. ಮಾನ್ಯ ಮಹಾಶಯರೇ ಅಂತ ನನ್ನನ್ನು ಗಂಡಸು ಮಾಡಿ ಉತ್ತರ ಬಂತು. ನಿಮ್ಮ ಕೋರಿಕೆಯಂತೆ ನಿಮಗೆ ಹತ್ತಿರದ ಸರ್ವರಿಗೆ ಸಾಗಿಸಿದ್ದೇವೆ ಅಂತ ಅದರಲ್ಲಿತ್ತು. ನೋಡಿದರೆ ಅದು ಜರ್ಮನಿ. ನಕಾಶೆ ತೆಗೆದು ನೋಡಿದೆ, ಅಮೆರಿಕಕ್ಕಿಂತ ಹತ್ತಿರವೇ, ಅಂದದ್ದು ಸುಳ್ಳೇನಲ್ಲ. ಜಗಳವಾಡಲೂ ಬರದ ಹಾಗೆ ಮಾಡಿದ್ದರು.

ಜರ್ಮನಿಯವರು ತಮ್ಮ ದೇಶದ ಚುಕ್ಕೆ ಒತ್ತಿದರೆ ಈಗ ನಾವು ಸಿಗುತ್ತಿದ್ದೆವು. ತಿಂಗಳೊಪ್ಪತ್ತಿನಲ್ಲಿ ಸೀರೆ ವಿಚಾರಿಸಿದ ಮೊದಲ ಪತ್ರ ಬಂತು, ಜರ್ಮನ್ ಭಾಷೆಯಲ್ಲಿ. ರೋಣ ತಾಲೂಕಿನಲ್ಲಿ ಜರ್ಮನ್ ಬಲ್ಲವರು ಎಲ್ಲಿಂದ ಬರಬೇಕು? ಇಂಟರ್ನೆಟ್ಟಿನಲ್ಲಿ ಭಾಷೆ ಬದಲಿಸುವ ಒಂದು ಪುಟಕ್ಕೆ ಹಾಕಿದೆ. ಅದು ಕೊಟ್ಟ ಇಂಗ್ಲಿಷನ್ನು ಅರ್ಧ ದಿನ ಕೂತು ಬಿಡಿಸಿದ ಮೇಲೆ ತಿಳಿದದ್ದು ಇಷ್ಟು: ಬರೆದ ಹೆಂಗಸಿಗೆ ಬಟ್ಟೆ ಬಹಳ ಹಿಡಿಸಿದೆ, ಬೈಠಕ್ ಕೋಣೆಯ ಕಿಟಕಿಗೆ ಪರದೆ ಮಾಡಬೇಕೆಂದಿದ್ದಾಳೆ, ಬಿಸಿಲಿಗೆ ತಡೆಯುತ್ತದೆಯೇ?

ಸಾಹೇಬರಿಗೆ ಓದಿ ಹೇಳಿದೆ. ಮೆತ್ತಗೆ ಮಾತಾಡುವ ಆ ಮನುಷ್ಯನ ಕಿವಿ ಕೆಂಪಾದವು. ಒಂದು ಸೀರೆಗೆ ಗಂಡ ಹೆಂಡತಿ ಇಬ್ಬರೂ ಎಂಟು ದಿನ ಮಗ್ಗದಲ್ಲಿ ಕೂತಿರುತ್ತಾರೆ, ಮದುವೆಗೆ ಉಡುವುದನ್ನು ಕಿಟಕಿಗೆ ಕಟ್ಟುತ್ತಾಳಂತೆ, ಬೇಡವೇ ಬೇಡ ಅಂದರು. ಬಂದ ಒಂದೇ ಗಿರಾಕಿ, ಸ್ವಲ್ಪ ತಾಳಿಕೊಳ್ಳಿ ಅಂತ ನಾನು ಬೇಡಿಕೊಂಡೆ. ಅವರು ನಿಂತೇ ಉತ್ತರ ಹೇಳಿ ಬರೆಸಿದರು: ಇದು ಹೆಣ್ಣುಮಕ್ಕಳು ಉಡುವ ಸೀರೆ, ಕಿಟಕಿಗೆ ಕೊಡುವುದಿಲ್ಲ.

ನಾನು ಅದನ್ನು ಇಂಗ್ಲಿಷ್ ಮಾಡಿದೆ, ಪುಟ ಅದನ್ನು ಜರ್ಮನ್ ಮಾಡಿತು. ದಾರಿಯಲ್ಲಿ ಅದಕ್ಕೆ ಏನೇನಾಯಿತೋ ದೇವರೇ ಬಲ್ಲ. ಎರಡು ದಿನಕ್ಕೆ ಉತ್ತರ ಬಂತು. ತಿಳಿಸಿದ್ದಕ್ಕೆ ಬಹಳ ಉಪಕಾರವಾಯಿತು, ಹಾಗಾದರೆ ಬಾಗಿಲಿಗೆ ಆಗುತ್ತದೆಯೇ ಎಂದು ಕೇಳಿದ್ದಳು.

೪. ಬಣ್ಣ ಬಿಡದ ಹೆಸರುಕಾಳು

ಇಷ್ಟರಲ್ಲಿ ಸಾಹೇಬರ ತಂಗಿಯ ಗಂಡ, ನರಗುಂದದ ಕಾಳಿನ ವ್ಯಾಪಾರಿ, ಸಾಹೇಬರ ಜೊತೆ ನನ್ನ ಕ್ಲಾಸಿಗೆ ಬಂದು ಕೂತರು. ಅವರದು ತದ್ವಿರುದ್ಧ ಗೋಳು. ಹೆಸರುಕಾಳು, ಕಡಲೆಯನ್ನು ಕೊಲ್ಲಿ ದೇಶಗಳಿಗೆ ಕಳಿಸಬೇಕು ಅಂತ ಅವರು ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಸಿದ್ದರು. ಅದು ಭಾರತದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ದುಬೈನಲ್ಲಿ ಕೂತವರು ಹುಡುಕಿದರೆ ಸುಳಿವೇ ಇಲ್ಲ. ಭಾವ ಮೈದುನ ಇಬ್ಬರೂ ನನ್ನ ಎದುರು ಸಾಲಾಗಿ ಕೂತು ನೋಡಿದ ನೋಟ ಹೇಗಿತ್ತೆಂದರೆ, ದೇಶಗಳ ಗಡಿ ಹಾಕಿದವಳೇ ನಾನು.

"ಇವ್ರದು ಹೊರಗ ಸಿಕ್ಕೊಂಡೈತಿ, ನಂದು ಒಳಗ ಸಿಕ್ಕೊಂಡೈತಿ," ಅಂದರು ನರಗುಂದದವರು. "ಅದಲಾಬದಲಿ ಮಾಡಿಬಿಡ್ರಿ, ಲಗೂ ಮುಗೀತೈತಿ."

ಆ ವಾರ ಪೂರ್ತಿ ಕೂತು ಓದಿದೆ. ಕೊನೆಗೆ ಗುಟ್ಟು ಸಿಕ್ಕಿತು. ಹುಡುಕಿ ಕೊಡುವ ಪುಟದವರು ಮೊದಲು ನೋಡುವುದು ವೆಬ್‌ಸೈಟಿನ ಹೆಸರಿನ ಬಾಲವನ್ನಂತೆ. ಬಾಲದಲ್ಲಿ ದೇಶದ ಎರಡು ಅಕ್ಷರ, ಭಾರತಕ್ಕಾದರೆ ಡಾಟ್ ಇನ್, ಇದ್ದರೆ ಆ ದೇಶದ್ದು. ಇಲ್ಲದಿದ್ದರೆ ಮಾತ್ರ ಯಂತ್ರ ಎಲ್ಲಿದೆ ಅಂತ ನೋಡುತ್ತಾರೆ. ಅಂದರೆ ಸೀರೆಗೆ ಭಾರತದ ಬಾಲ ಹಚ್ಚಿದ್ದರೆ ಸಾಕಿತ್ತು, ಹುಬ್ಬಳ್ಳಿಯವರು ಕಾಳಿಗೆ ಅದನ್ನು ಹಚ್ಚದಿದ್ದರೆ ಸಾಕಿತ್ತು. ಎರಡು ಅಕ್ಷರಕ್ಕಾಗಿ ನಾನು ಐದು ತಿಂಗಳು ಬೈಸಿಕೊಂಡಿದ್ದೆ. ಅವತ್ತು ಬಂದ ಸಿಟ್ಟಿಗೆ ಊಟ ಸೇರಲಿಲ್ಲ.

ಇಬ್ಬರಿಗೂ ಹೊಸ ಹೆಸರು ಕೊಂಡು, ಒಂದೇ ದಿನ ಎರಡನ್ನೂ ಏರಿಸಿದೆ. ಕರೆಂಟು ಹೋಗುವ ಮುಂಚೆ ಮುಗಿಸುವ ಗಡಿಬಿಡಿಯಲ್ಲಿ ವಿವರದ ಪುಟಗಳು ಒಂದರದು ಇನ್ನೊಂದಕ್ಕೆ ಹೋದವು. ಎರಡು ದಿನ ಜಗತ್ತು ಓದಿದ್ದು ಹೀಗೆ. ಸೀರೆಯ ಚಿತ್ರದ ಕೆಳಗೆ: ಈ ಸಲದ ಬೆಳೆ, ಕಲ್ಲು ಮಣ್ಣು ಜರಡಿ ಹಿಡಿದದ್ದು, ಹುಳ ಇಲ್ಲ, ಲಾರಿ ತುಂಬ ಸಿಗುತ್ತದೆ. ಹೆಸರುಕಾಳಿನ ಕೆಳಗೆ: ಕೈಯಿಂದ ನೇಯ್ದದ್ದು, ಒಗೆದರೆ ಬಣ್ಣ ಬಿಡುವುದಿಲ್ಲ, ಮದುವಣಗಿತ್ತಿಗೆ ಒಪ್ಪುತ್ತದೆ.

ಇಡೀ ಪ್ರಕರಣದಲ್ಲಿ ಖರೇ ನನ್ನ ತಪ್ಪು ಅಂದರೆ ಇದೊಂದೇ. ಬೈಸಿಕೊಳ್ಳಲು ತಯಾರಾಗಿಯೇ ನರಗುಂದಕ್ಕೆ ಫೋನು ಮಾಡಿ, ಈಗಲೇ ತಿದ್ದುತ್ತೇನೆ ಎಂದೆ. ಅವರು ತಡೆದರು.

"ಮದುವಣಗಿತ್ತಿ ತಗೀರಿ. ಬಣ್ಣ ಬಿಡೂದಿಲ್ಲ ಅನ್ನೂದು ಇರ್ಲಿ. ಹೆಸರಿಗೆ ಹಸರ ಬಣ್ಣ ಹಾಕಿ ಮಾರೋ ಮಂದಿ ಭಾಳ ಆಗ್ಯಾರ, ನಮ್ಮದು ಚಲೋ ಕಾಣಸ್ತೈತಿ."

೫. ಮೊದಲ ಗಿರಾಕಿ

ಮುಂದೆ ಸೀರೆಯ ಪುಟ ನೋಡಿ ನಾನಾ ಊರುಗಳಿಂದ ಬೇಡಿಕೆ ಬಂತು, ನಿಂತ ಎರಡು ಮಗ್ಗದಲ್ಲಿ ಒಂದು ಮತ್ತೆ ಆಡಿತು, ಉಳಿದವು ನಿಲ್ಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಹೇಳುವುದು ಕೇಳಿದವರಿಗೆ ಉಳಿದದ್ದು ನೆನಪಿರುವುದಿಲ್ಲ.

ಹೊಸ ಹೆಸರಾಗಿ ಮೂರು ತಿಂಗಳಿಗೆ ಸಾಹೇಬರು ಗಡಬಡಿಸಿ ಫೋನು ಮಾಡಿ ಕರೆಸಿದರು. ಭಾರತದ ಚುಕ್ಕೆ ಒತ್ತಿದರೆ ಮೇಲಿಂದ ಮೂರನೆಯದೇ ನಾವು. ಈ ಎಂಟು ತಿಂಗಳಲ್ಲಿ ಅವರು ದಿನಕ್ಕೆ ಹತ್ತು ಸಲ ಕಂಪ್ಯೂಟರಿನ ಮುಂದೆ ಕೂತು ನಾವು ಎಷ್ಟನೆಯವರು ಅಂತ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದರು. ಅವತ್ತು ಮಗ್ಗದ ಹಿರಿಯರಿಬ್ಬರನ್ನೂ ಕೂರಿಸಿ ತೋರಿಸುತ್ತಿದ್ದರು.

ಆಗಲೇ ಸಾಹೇಬರ ಮೊಬೈಲ್ ರಿಂಗಾಯಿತು. ಆ ಕಡೆಯಿಂದ ಒಬ್ಬ ಹೆಂಗಸು, ವೆಬ್‌ಸೈಟ್ ನೋಡಿ ಮಾಡುತ್ತಿದ್ದೇನೆ ಎಂದರು. ಸಾಹೇಬರು ಮೊಬೈಲನ್ನು ನನಗೆ ಕೊಟ್ಟುಬಿಟ್ಟರು. ಮೈಸೂರು ಕಡೆಯ ಕನ್ನಡ. ಸೀರೆಗಳು ತುಂಬ ಇಷ್ಟವಾದವು, ಮೂರು ಬೇಕು, ಅಂಚೆಯಲ್ಲಿ ಕಳಿಸುತ್ತೀರಾ ಅಂತ ಕೇಳಿದರು. ಖಂಡಿತ ಕಳಿಸುತ್ತೇವೆ, ವಿಳಾಸ ಹೇಳಿ ಅಂದೆ. ಗಂಡ ಬ್ಯಾಂಕಿನವರು, ವರ್ಗವಾಗಿ ಬಂದು ಆರು ತಿಂಗಳಾಯಿತು, ಊರು ಗಜೇಂದ್ರಗಡ ಅಂದರು. ಯಾವ ಓಣಿ ಅಂದೆ. ಹೇಳಿದರು. ಯಾವ ಮನೆ ಅಂದೆ. ಸಾಹೇಬರ ಅಂಗಡಿಯ ನೆತ್ತಿಯ ಮೇಲಿನ ಮಹಡಿ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮ್ಮ ಮನೆಯ ಕೆಳಗೇ ಒಂದು ಸೀರೆ ಅಂಗಡಿ ಇದೆಯಲ್ಲ, ಅಲ್ಲಿ ಕೇಳಲಿಲ್ಲವೇ ಎಂದೆ. ಅದಕ್ಕೆ ಆಕೆ ಕೊಟ್ಟ ಉತ್ತರವನ್ನು ನಾನು ಒಂದಕ್ಷರ ಬಿಡದೆ, ಎಂಟು ತಿಂಗಳ ಬೈಗುಳದ ನೆನಪಿನಿಂದ, ಹಿರಿಯರಿಬ್ಬರ ಎದುರಿಗೇ ಸಾಹೇಬರಿಗೆ ಒಪ್ಪಿಸಿದೆ:

"ಅದು ಸೀರೆ ಅಂಗಡೀನಾ? ಬೋರ್ಡು ಅಳಿಸಿಹೋಗಿದೆ. ಏನು ಅಂಗಡಿ ಅಂತ ಕೇಳೋಕೆ ಎರಡು ಸಲ ಇಳಿದು ಬಂದೆ. ಆ ಯಜಮಾನರು ಯಾವಾಗ ನೋಡಿದರೂ ಕಂಪ್ಯೂಟರ್ ಮುಂದೆ ಸಿಟ್ಟು ಮಾಡ್ಕೊಂಡು ಕೂತಿರ್ತಾರೆ, ತಲೆಯೇ ಎತ್ತಲ್ಲ."