ಹಿಂದೆ ಸರಿಯಲು ಜಾಗವಿಲ್ಲದ ಮಾವ

ನನ್ನ ಸೋದರಮಾವ ತನ್ನ ಆಯುಷ್ಯದ ಅರ್ಧವನ್ನು ಹಿಂದಕ್ಕೆ ನಡೆದೇ ಕಳೆದವನು. ಕುಡಿದು ಅಲ್ಲ, ಮಾನ್ವಿಯಲ್ಲಿ ಅವನು ಮದುವೆ ಫೋಟೋ ತೆಗೆಯುತ್ತಾನೆ. ಮದುಮಕ್ಕಳ ಸುತ್ತ ಬೀಗರು, ಬೀಗರ ಮಕ್ಕಳು, ಆ ಮಕ್ಕಳ ಕಂಕುಳಲ್ಲಿರುವ ಮಕ್ಕಳು ಎಲ್ಲ ಸೇರಿ ಗೋಡೆಯ ಹಾಗೆ ನಿಂತಾಗ, ಅಷ್ಟೂ ಜನ ಒಂದೇ ಫೋಟೋದಲ್ಲಿ ಹಿಡಿಸಬೇಕೆಂದರೆ ತೆಗೆಯುವವನು ಹಿಂದೆ ಸರಿಯಬೇಕು. ಸರಿಯಲು ಜಾಗವೆಲ್ಲಿ? ದೇವದುರ್ಗದ ಒಂದು ಮದುವೆಯಲ್ಲಿ ಹೀಗೇ ಸರಿಯುತ್ತ ಸರಿಯುತ್ತ ಕೈ ತೊಳೆಯಲು ಇಟ್ಟಿದ್ದ ನೀರಿನ ಬಾನಿಯೊಳಗೆ ಕುಳಿತುಬಿಟ್ಟ. ಕ್ಯಾಮೆರಾ ಮಾತ್ರ ಎತ್ತಿ ಹಿಡಿದಿದ್ದ. ಕುಳಿತಲ್ಲಿಂದಲೇ ಫೋಟೋ ತೆಗೆದ. ಅದರಲ್ಲಿಯೂ ಬಲಗಡೆಯ ಇಬ್ಬರು ಬರಲಿಲ್ಲ.

ತಪ್ಪು ತನ್ನದಲ್ಲ, ಕ್ಯಾಮೆರಾದ್ದು ಎಂಬುದು ಅವನ ವಾದ. ಅದು ಕ್ರಾಪ್ ಸೆನ್ಸರ್ ಕ್ಯಾಮೆರಾ. ಒಳಗೆ ಚಿತ್ರ ಬೀಳುವ ಜಾಗ ಸಣ್ಣದು, ಹಾಗಾಗಿ ಯಾವ ಲೆನ್ಸು ಹಾಕಿದರೂ ಅಂಚು ಕತ್ತರಿಸಿ ಹೋಗುತ್ತದೆ. ಇದನ್ನು ನಮ್ಮ ಅವ್ವನಿಗೆ, ಎಂದರೆ ತನ್ನ ಅಕ್ಕನಿಗೆ, ಕಟ್ಟೆಯ ಮೇಲೆ ಕೂತು ಒಂದು ತಾಸು ವಿವರಿಸಿದ. ಅವ್ವನಿಗೆ ಗೊತ್ತಿದ್ದ ಕ್ರಾಪು ಒಂದೇ, ಕ್ಷೌರದಂಗಡಿಯದು.

"ಕ್ಯಾಮೆರಾಕ್ಕೂ ಕ್ರಾಪ್ ಹೊಡೀತಾರೇನೋ ತಮ್ಮಾ?"

"ಹೂಂ ಯಕ್ಕಾ, ಹೊಡದೇ ಮಾರ್ತಾರ."

"ಮತ್ತ ನೀ ಯಾಕ ಹೊಡಿಸ್ಕೊಳ್ಳಂಗಿಲ್ಲ? ಕರಡಿ ಆಗೀದಿ ನೋಡು."

ಕ್ಯಾಮೆರಾದ ಈ ಕ್ರಾಪಿಗೆ ಮದ್ದು ಎಂದರೆ ಅತಿ ಅಗಲದ ಜೂಮ್ ಲೆನ್ಸು. ಅದರಲ್ಲಿ ಮೂರು ಜಾತಿ; ಮೊದಲ ಅಂಕಿ ಚಿಕ್ಕದಾದಷ್ಟೂ ಅಗಲ ಹೆಚ್ಚು. ಹತ್ತರಿಂದ ಹದಿನೆಂಟು ಮಿಲಿಮೀಟರಿನದು ಹಗುರ, ಆದರೆ ಮಬ್ಬು ಬೆಳಕಿನಲ್ಲಿ ಕುರುಡು. ಹನ್ನೊಂದರಿಂದ ಹದಿನಾರರದಕ್ಕೆ ಮಬ್ಬಿನಲ್ಲೂ ಕಣ್ಣಿದೆ, ಆದರೆ ಅಗಲದಲ್ಲಿ ಒಂದು ಮಿಲಿಮೀಟರ್ ಕಡಿಮೆ. ಹತ್ತರಿಂದ ಇಪ್ಪತ್ತರದನ್ನು ಹಾಕಿಕೊಂಡರೆ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿಕೊಂಡಂತೆ. ಮೂರರಲ್ಲಿ ಒಂದನ್ನು ಆರಿಸಲು ಮಾವ ತೆಗೆದುಕೊಂಡದ್ದು ಎರಡು ವರ್ಷ. ತನ್ನನ್ನು ನೋಡಿ ಒಪ್ಪಲು ಇದೇ ಮನುಷ್ಯನಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು ಎಂದು ಅತ್ತೆ ಇಂದಿಗೂ ಹಂಗಿಸುತ್ತಾಳೆ.

ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ರಾಯಚೂರಿನ ಅಂಗಡಿಗೆ ಹೋಗುತ್ತಿದ್ದ. ಲೆನ್ಸು ಹಾಕಿಸಿಕೊಂಡು ಅಂಗಡಿಯ ಭಾಯಿಯನ್ನೇ ಗೋಡೆಗೆ ನಿಲ್ಲಿಸುತ್ತಿದ್ದ.

"ಸಾಹುಕಾರ್ರ, ಲೆನ್ಸು ಈಗ ನಿಮ್ಮನ್ನ ನೋಡಿದ್ರ ಸಲಾಮ್ ಹೊಡೀತಾವ. ಒಂದು ತಗೊಂಬಿಡ್ರಿ."

"ತಡೀರಿ ಭಾಯಿ. ಆ ಬದಿ ಸರೀರಿ. ಇನ್ನೂ ಸರೀರಿ."

"ಇನ್ನ ಸರದ್ರ ಬಾಜೂ ಅಂಗಡ್ಯಾಗ ಹೋಗ್ತೀನ್ರಿ."

"ನಡುವ ನಿಂತವ್ರು ಎಲ್ಲಾ ಲೆನ್ಸಿನ್ಯಾಗೂ ಬರ್ತಾರ. ನನಗ ಬೇಕಾದವ್ರು ಅಂಚಿನ್ಯಾಗ ನಿಂದರ್ತಾರ."

ಭಾಯಿ ನಕ್ಕ. ಅಂದು ಜೊತೆಯಲ್ಲಿದ್ದ ನನಗೆ ನಗು ಬರಲಿಲ್ಲ. ಅಂಚಿನಲ್ಲಿ ನಿಲ್ಲುವವಳು ನಮ್ಮ ಅವ್ವ.

ಅಪ್ಪ ಸತ್ತ ವರ್ಷದಿಂದ ಅವಳು ಮದುವೆಗಳಲ್ಲಿ ಕಂಬದ ಪಕ್ಕ ಸೇರಿದ್ದಾಳೆ. ಹೋಗು ಎಂದು ಯಾರೂ ಹೇಳಿಲ್ಲ. ನಮ್ಮವರು ಅಷ್ಟು ಒರಟರಲ್ಲ. ಬಾ ಎಂದೂ ಹೇಳಿಲ್ಲ. ಗುಂಪಿನ ಫೋಟೋ ಎಂದೊಡನೆ ಅವಳು ತಾನಾಗಿಯೇ ನಾಲ್ಕು ಹೆಜ್ಜೆ ಆಚೆ ಹೋಗುತ್ತಾಳೆ, ಮುಜುಗರ ತಪ್ಪಿದ ಹಿರಿಯರು ರುಮಾಲು ಸರಿಮಾಡಿಕೊಂಡು ಗಂಭೀರವಾಗಿ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಒಂದು ಕಪಾಟಿನ ತುಂಬ ಆಲ್ಬಮ್ ಇವೆ. ಅವನ್ನು ನೋಡಿದವರು ನಮ್ಮನ್ನು ತಾಯಿಯಿಲ್ಲದ ಮಕ್ಕಳೆಂದುಕೊಂಡರೆ ತಪ್ಪೇನು?

ಅರಕೇರಾದ ಮದುವೆಯೊಂದರಲ್ಲಿ ಮಾವ ತಡೆಯಲಾರದೆ, "ಯಕ್ಕಾ, ನೀನೂ ಬಾ, ನಿಂದ್ರು" ಎಂದು ಕೂಗಿಯೇಬಿಟ್ಟ. ಇಡೀ ಚಪ್ಪರ ತಿರುಗಿ ಅವಳನ್ನು ನೋಡಿತು. ಅಡುಗೆಮನೆ ಸೇರಿದ ಅವ್ವ ಬೀಗರು ಹೊರಡುವವರೆಗೆ ಹೊರಬರಲಿಲ್ಲ, ಊಟವನ್ನೂ ಮಾಡಲಿಲ್ಲ. ಅವತ್ತಿನಿಂದ ಅವನಿಗೆ ಒಂದೇ ಹಟ. ಕರೆಯಬಾರದು, ಅವಳು ನಿಂತಲ್ಲೇ ಇರಬೇಕು, ಫೋಟೋದಲ್ಲಿಯೂ ಇರಬೇಕು. ಇದಕ್ಕೆ ಎಷ್ಟು ಅಗಲದ ಲೆನ್ಸು ಬೇಕು, ನೀವೇ ಹೇಳಿ.

ಅಷ್ಟರಲ್ಲಿ ಮಾನ್ವಿಯಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಮಾವ ಓಡಿಹೋಗಿ ಹನ್ನೊಂದು-ಹದಿನಾರನ್ನು ತಂದ. ಅಗಲ ಕಡಿಮೆಯಾಯಿತಲ್ಲ ಎಂದೆ.

"ಒಂದು ಮಿಲಿಮೀಟರಿಗೆ ನಾನ ಒಂದು ಹೆಜ್ಜಿ ಹಿಂದ ಸರೀತೀನಿ. ಕಂಬದ ಹತ್ರ ಬೆಳಕು ಇರಂಗಿಲ್ಲ, ಅದಕ್ಕೇನು ಮಾಡ್ಲಿ?"

ಮದುವೆಯ ದಿನ ಅಕ್ಕಿಕಾಳು ಬಿದ್ದ ಮೇಲೆ ಗುಂಪು ನಿಂತಿತು. ನಡುವೆ ತಂಗಿ, ಮದುಮಗ, ಪಕ್ಕದಲ್ಲಿ ಅಪ್ಪನ ಜಾಗದಲ್ಲಿ ಧಾರೆಯೆರೆದ ದೊಡ್ಡಪ್ಪ. ಹೆತ್ತವಳು ಕಂಬದ ಬಳಿ. ಮಾವ ಗುಂಡಿ ಒತ್ತಿ ಕ್ಯಾಮೆರಾದ ಪರದೆ ನೋಡಿದ. ಅವ್ವ ಬಂದಿದ್ದಳು. ಆದರೆ ಈ ಲೆನ್ಸುಗಳಿಗೆ ಒಂದು ಕೆಟ್ಟ ಚಾಳಿಯುಂಟು: ನಡುವೆ ಇದ್ದವರನ್ನು ಇದ್ದಂತೆ ತೋರಿಸಿ ಅಂಚಿನಲ್ಲಿದ್ದವರನ್ನು ಎಳೆದು ಹಿಗ್ಗಿಸುತ್ತವೆ. ಅವ್ವನ ಮುಖ ಅಡ್ಡಕ್ಕೆ ಹರಡಿತ್ತು, ತೋಳು ಒನಕೆಯಾಗಿತ್ತು, ಕಂಬ ಅವಳ ಮೇಲೆ ಬೀಳುವಂತೆ ವಾಲಿತ್ತು.

ದೊಡ್ಡಪ್ಪ ಇಳಿದು ಬಂದು ಇಣುಕಿದ.

"ಛಲೋ ಬಂದದ. ಆಲ್ಬಮ್‌ನ್ಯಾಗ ಈ ಬದಿ ಒಂದೀಟು ಕಟ್ ಮಾಡ್ರಿ. ಕಂಬ ಯಾಕ ಬೇಕು?"

ಕಂಬ ಎಂದ. ಅಷ್ಟೇ ಎಂದ. ನಾನು ಅಲ್ಲಿಯೇ ಇದ್ದೆ, ಓದಿದವನು, ಊರಿಗೆಲ್ಲ ಬುದ್ಧಿ ಹೇಳುವವನು. ಬೀಗರೆದುರು ಮಾತೇಕೆಂದು ನಾನೂ ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಖರೇ ಅದರೀ, ಸರಿ ಬಂದಿಲ್ಲ" ಎಂದ ಮಾವ. "ಇನ್ನೊಂದು ತಗೀತೀನಿ. ಹೋಗಿ ಹಂಗ ನಿಂದರ್ರಿ."

ದೊಡ್ಡಪ್ಪ ಹೋಗಿ ಎದೆ ಮುಂದೆ ಮಾಡಿ ನಿಂತ. ಮಾವ ಹಿಂದೆ ಸರಿಯಲಿಲ್ಲ. ನಿಂತಲ್ಲೇ ಹೊರಳಿ ಕ್ಯಾಮೆರಾವನ್ನು ಕಂಬದ ಕಡೆ ತಿರುಗಿಸಿದ. ಗುಂಪು ಈಗ ಚಿತ್ರದ ಅಂಚಿಗೆ ಹೋಯಿತು; ಹಿಗ್ಗುವ ಪಾಳಿ ದೊಡ್ಡಪ್ಪನದು. ಕ್ಯಾಮೆರಾ ಎತ್ತ ನೋಡುತ್ತಿದೆ ಎಂದು ಮೊದಲು ಅರ್ಥವಾದದ್ದು ತಂಗಿಗೆ. ಅವಳು ಬಾಸಿಂಗದ ತಲೆಯನ್ನು ಅತ್ತ ಹೊರಳಿಸಿದಳು.

"ಯಕ್ಕಾ," ಎಂದ ಮಾವ, ಗುಂಪಿಗೆ ಕೇಳದಷ್ಟು ಮೆಲ್ಲಗೆ, "ಸೆರಗು ಸರಿ ಮಾಡ್ಕೋ."

ಅವ್ವ ಒಮ್ಮೆ ಅಡುಗೆಮನೆಯ ಬಾಗಿಲು ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. ಆಮೇಲೆ ಕಂಬ ಬಿಟ್ಟು ನೆಟ್ಟಗೆ ನಿಂತಳು.