ಕಿರುಬೆರಳಿನ ನಿಶ್ಚಿತಾರ್ಥ

ದಿನಕ್ಕೆ ಹತ್ತು ಜೋಡಿಗಳನ್ನು ಮಾತಿನಲ್ಲೇ ಮದುವೆಮಾಡಿಸುವ ಬಾಯಿ ನನ್ನದು. ನನ್ನ ಮದುವೆಯ ಮಾತು ಬಂದರೆ ಮಾತ್ರ ಅದೇ ಬಾಯಿಗೆ ಬೀಗ.

ನಾನು ಆಭರಣದಂಗಡಿಯಲ್ಲಿ ಉಂಗುರ ಮಾರುವವನು. ನಿಶ್ಚಿತಾರ್ಥದ ಜೋಡಿ ಬಂದು ಕೂತರೆ ಸಾಕು, ನನ್ನ ಉಂಗುರ ಪುರಾಣ ಶುರು. "ನೋಡಿ ಸಾರ್, ಪ್ರಾಚೀನ ರೋಮಿನಲ್ಲಿ ಕಬ್ಬಿಣದ ಉಂಗುರ ಕೊಡ್ತಿದ್ರಂತೆ. ಉಂಗುರಕ್ಕೆ ಮೊದಲಿಲ್ಲ, ಕೊನೆಯಿಲ್ಲ, ಪ್ರೀತಿಗೂ ಹಾಗೇ. ನಾಲ್ಕನೇ ಬೆರಳಿಂದ ಒಂದು ನಾಳ ನೆಟ್ಟಗೆ ಹೃದಯಕ್ಕೆ ಹೋಗುತ್ತೆ ಅಂತ ನಂಬಿದ್ರು. ಅದಕ್ಕೇ ಆ ಬೆರಳಿಗೆ ಉಂಗುರ!" ಇಷ್ಟು ಹೇಳಿ ಒಂದು ನಿಟ್ಟುಸಿರು ಬಿಡುತ್ತೇನೆ. (ನಿಟ್ಟುಸಿರು ಅಂಗಡಿಯ ಕಡೆಯಿಂದ ಉಚಿತ.)

ಈ ಪುರಾಣವನ್ನು ನಾಲ್ಕು ವರ್ಷದಿಂದ ಬಿಟ್ಟೂಬಿಡದೆ ಕೇಳಿಸಿಕೊಂಡ ಏಕೈಕ ಪುಣ್ಯಾತ್ಗಿತ್ತಿ, ಮೂಲೆಯ ಗಾಜಿನ ಗೂಡಿನಲ್ಲಿ ಕೂರುವ ರಿಪೇರಿಯವಳು. ಮುರಿದದ್ದನ್ನು ಬೆಸೆಯುವುದು, ಬೆರಳಿಗೆ ಸಿಕ್ಕಿಕೊಂಡದ್ದನ್ನು ಕತ್ತರಿಸುವುದು ಅವಳ ಕೆಲಸ. ಅವಳನ್ನು ನೋಡುತ್ತ ಕೂರುವುದು ನನ್ನದು. (ಸಂಬಳ ಕೊಡುವುದು ಬೇರೆ ಕೆಲಸಕ್ಕೆ, ಆ ಮಾತು ಬೇರೆ.)

ಕೊನೆಗೊಂದು ಬೆಳಿಗ್ಗೆ, ಯಜಮಾನರು ಬರುವ ಮೊದಲೇ, ಧೈರ್ಯ ಮಾಡಿ, ನನ್ನ ಕೌಂಟರಿನಲ್ಲಿ ನಾನೇ ಗಿರಾಕಿಯಾಗಿ, ಗುಲಾಬಿ ಕಲ್ಲಿನ ಹೂವಿರುವ ಪುಟ್ಟ ಉಂಗುರ ಕೊಂಡೆ. ಅಳತೆ? ಕಂಡಕಂಡವರ ಬೆರಳಿನ ಸುತ್ತಳತೆಯನ್ನು ಕಣ್ಣಲ್ಲೇ ಹೇಳುವ ಮಹಾಪಂಡಿತ ನಾನು. ಅವಳ ಕೈ ಕಂಡರೆ ಮಾತ್ರ ಕಣ್ಣು ಮಂಜಾಗುತ್ತದೆ. ಒಮ್ಮೆ ಟೀ ಲೋಟ ದಾಟಿಸುವಾಗ, ಅವಳ ಉಂಗುರದ ಬೆರಳು ನನ್ನ ಕಿರುಬೆರಳಿನಷ್ಟೇ ಇದ್ದಂತೆ ಕಂಡಿತ್ತು. ಪರೀಕ್ಷೆಗೆಂದು ಕಿರುಬೆರಳಿಗೇ ಏರಿಸಿದೆ. ಸಲೀಸಾಗಿ ಹೋಯಿತು. ವಾಪಸು ಬರಲಿಲ್ಲ.

ಎಳೆದೆ, ತಿರುಗಿಸಿದೆ, ಸೋಪು ಬಳಿದೆ. ಬೆರಳು ಬದನೆಕಾಯಿಯಾಯಿತು, ಉಂಗುರ ಅಲ್ಲೇ ಸಂಸಾರ ಹೂಡಿತು.

ಆಗಲೇ ಬರಬೇಕೆ ಗಿರಾಕಿಗಳು! ಹುಡುಗ, ಹುಡುಗಿ, ಜೊತೆಗೆ ಹುಡುಗಿಯ ಸೋದರತ್ತೆ. ಎಡಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಪುರಾಣ ಆರಂಭಿಸಿದೆ. "ಮೊದಲಿಲ್ಲ, ಕೊನೆಯಿಲ್ಲ" ಎನ್ನುವಾಗ ಹಾಳು ಅಭ್ಯಾಸಬಲ, ಆ ಕೈಯೇ ಮೇಲೆದ್ದಿತು.

"ತಡಿಯಪ್ಪಾ," ಅಂದರು ಸೋದರತ್ತೆ. "ನಿನ್ನ ಬೆರಳಲ್ಲಿರೋದು ತೋರ್ಸು."

"ಅದು ಬರೀ ಮಾದರಿ, ಅಮ್ಮಾ."

"ಮಾದರೀನೇ ಬೇಕು. ತೆಗಿ."

"ಬರಲ್ಲಮ್ಮಾ."

"ಇನ್ನೂ ಬೆಲೆನೇ ಹೇಳಿಲ್ಲ, ಆಗ್ಲೇ ಇಷ್ಟು ಬಿಗಿನಾ?"

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಯಜಮಾನರು ಗುಡುಗಿದರು. "ಅಂಗಡಿ ಮಾಲು ಹಾಕ್ಕೊಂಡು ಮೆರೀತಿದ್ದೀಯೇನೋ? ಹೋಗಿ ಕತ್ತರಿಸ್ಕೊಂಡು ಬಾ!"

"ಉಂಗುರಾನಾ, ಬೆರಳನ್ನಾ, ಸಾರ್?"

"ಯಾವುದು ಅಗ್ಗವೋ ಅದು!"

ಅಂಗಡಿ ಮಾಲಲ್ಲ, ಸ್ವಂತದ್ದು ಎಂದು ಜೇಬಿನ ಬಿಲ್ಲು ತೋರಿಸಿ, ಗಾಜಿನ ಗೂಡಿನ ಮುಂದೆ ಕೈ ಚಾಚಿ ನಿಂತೆ. ಅವಳು ಬದನೆಕಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು.

"ಯಾರದ್ರೀ ಇದು?"

ನಾಲ್ಕು ವರ್ಷದ ಪುರಾಣಿಕನ ಬಾಯಿಂದ ಹೊರಟದ್ದು ಇಷ್ಟೇ: "ಪ್ರಾಚೀನ ರೋಮಿನಲ್ಲಿ..."

"ಕಬ್ಬಿಣದ್ದು ಕೊಡ್ತಿದ್ರು. ಗೊತ್ತು. ಮೊದಲಿಲ್ಲ, ಕೊನೆಯಿಲ್ಲ. ಅದೂ ಗೊತ್ತು." ಸಣ್ಣ ಗರಗಸ ಎತ್ತಿ ಉಂಗುರಕ್ಕೆ ಹಚ್ಚಿದಳು. "ಇದು ಯಾರದು ಅಂತ ಕೇಳ್ದೆ."

"ನಿಮ್ದು."

ಗರಗಸ ನಿಂತಿತು. (ಬೆರಳಿಗೆ ತಾಗಿಕೊಂಡೇ ನಿಂತಿತು ಎಂಬುದನ್ನು ದಯವಿಟ್ಟು ಗಮನಿಸಿ.)

"ನನ್ನ ಉಂಗುರ ನಿಮ್ಮ ಬೆರಳಲ್ಲಿ ಏನ್ ಮಾಡ್ತಿದೆ?"

"ಅಳತೆ ನೋಡ್ತಿದ್ದೆ."

"ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ? ಎರಡು ವರ್ಷದಿಂದ ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೀನಿ. ನೀವು ನೋಡಿದ್ರೆ ರೋಮ್ ಬಿಟ್ಟು ಈಚೆಗೆ ಬರೋದೇ ಇಲ್ಲ!"

ಎದೆ ಬಡಿದುಕೊಂಡಿತು. ಬೆರಳೂ ಬಡಿದುಕೊಂಡಿತು. "ಹಾಗಾದ್ರೆ... ಒಪ್ಪಿಗೆನಾ?"

"ಒಪ್ಪಿಗೆನೇ. ಕೈ ಅಲ್ಲಾಡಿಸ್ಬೇಡಿ."

ಕರ್ರೆಂದಿತು. ಕೊನೆಯೇ ಇಲ್ಲದ ಉಂಗುರಕ್ಕೆ ಒಂದೇ ಏಟಿಗೆ ಎರಡು ಕೊನೆ ಬಂದವು. ಅವಳು ಅದನ್ನು ಬೆಸೆದಳು, ಉಜ್ಜಿದಳು, ಹೊಳಪು ಕೊಟ್ಟಳು. ನಾನು ರಾಜಗಾಂಭೀರ್ಯದಿಂದ ಕೈ ಚಾಚಿದೆ. "ಈಗ ನಿಮ್ಮ ಬೆರಳು ಕೊಡಿ."

"ಬೆಂಕಿ, ಆಸಿಡ್ಡು, ಗರಗಸದ ಮಧ್ಯೆ ಕೂರೋಳಿಗೆ ಉಂಗುರ ಯಾಕ್ರೀ? ಚೂರು ಚಿನ್ನ ಸೇರಿಸಿ ನಿಮ್ಮ ಅಳತೆಗೇ ದೊಡ್ಡದು ಮಾಡಿದ್ದೀನಿ. ನೀವೇ ಹಾಕ್ಕೊಳ್ಳಿ."

"ಗುಲಾಬಿ ಹೂವಿಂದಾ? ಅದೂ ಕಿರುಬೆರಳಿಗಾ? ಹೃದಯದ ನಾಳ ಇರೋದು ನಾಲ್ಕನೇ..."

"ನಮ್ಮಕ್ಕ ನರ್ಸು. ಅಂಥ ನಾಳನೇ ಇಲ್ವಂತೆ. ಎಲ್ಲಾ ಬೆರಳಿನ ರಕ್ತನೂ ಹೃದಯಕ್ಕೇ ಹೋಗುತ್ತಂತೆ."

ನಾಲ್ಕು ವರ್ಷದ ಪುರಾಣಕ್ಕೆ ಒಂದೇ ಮಾತಿನಲ್ಲಿ ಮಂಗಳ ಹಾಡಿ, ಅವಳೇ ನನ್ನ ಕಿರುಬೆರಳಿಗೆ ಹೂವು ತೊಡಿಸಿ ಕಳಿಸಿದಳು.

ಕೌಂಟರಿನಲ್ಲಿ ಸೋದರತ್ತೆ ಇನ್ನೂ ಕಾದು ಕೂತಿದ್ದರು. ಕಣ್ಣು ನೇರ ನನ್ನ ಬೆರಳಿಗೆ. "ಕತ್ತರಿಸ್ಕೊಂಡು ಬರೋಕೆ ಹೋದೋನು ಮತ್ತೆ ಹಾಕ್ಕೊಂಡೇ ಬಂದ್ಯಲ್ಲಪ್ಪಾ! ಕೊನೆಗೂ ಅದು ಯಾರ ಉಂಗುರ?"

ಎದೆಯುಬ್ಬಿಸಿ ಬಾಯಿ ತೆರೆದೆ. ಅಷ್ಟರಲ್ಲಿ ಗಾಜಿನ ಗೂಡಿನಿಂದ ಉತ್ತರ ಬಂತು.

"ನನ್ನದಮ್ಮಾ! ಇಡೋಕೆ ಒಂದು ಸ್ಟ್ಯಾಂಡ್ ಬೇಕಿತ್ತು, ಇವತ್ತು ಸಿಕ್ತು!"